ಮಾಸ್ಕ್ ತೆಗೆಯದ ಪ್ರಪೈ ಅಕ್ಕ

ನಮ್ಮ ಕಾರ್ಖಾನೆಯಲ್ಲಿ ದೆವ್ವಕ್ಕೆ ಹೆದರದವರಿದ್ದರು, ಮ್ಯಾನೇಜರಿಗೆ ಹೆದರದವರಿದ್ದರು. ಪ್ರಪೈ ಅಕ್ಕನಿಗೆ ಹೆದರದವರು ಮಾತ್ರ ಒಬ್ಬರೂ ಇರಲಿಲ್ಲ. ಚೀಲ ತುಂಬುವ ಕೋಣೆಗೆ ಅವಳು ಮೇಸ್ತ್ರಿ. ಪಾಳಿ ಶುರುವಾಗುವ ಮೊದಲು ಬಾಗಿಲಲ್ಲಿ ನಿಂತು, ಒಬ್ಬೊಬ್ಬರ ಗದ್ದ ಹಿಡಿದು ತಿರುಗಿಸಿ, ರಬ್ಬರ್ ಮಾಸ್ಕಿನ ಅಂಚಿನ ಸುತ್ತ ಬೆರಳಾಡಿಸಿ ನೋಡಿಯೇ ಒಳಗೆ ಬಿಡುತ್ತಿದ್ದಳು. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ ಅಂತ, ಹೊಸದಾಗಿ ಸೇರಿದ ಗಂಡಸೊಬ್ಬನನ್ನು ನಲ್ಲಿಯ ಬಳಿ ಕೂರಿಸಿ ತಾನೇ ಬೋಳಿಸಿದ್ದಳು. ಆ ಮನುಷ್ಯ ಎರಡು ಮಕ್ಕಳ ತಂದೆ. ಪಾಪ, ತುಟಿ ಪಿಟಕ್ಕೆನ್ನಲಿಲ್ಲ.

ನಾನು ಲಮ್ಯಾಯ್. ಅದೇ ಕೋಣೆಯಲ್ಲಿ ಅವಳ ಕೈಕೆಳಗೆ ದುಡಿದವಳು. ಬ್ಯಾಂಕಾಕಿಗೆ ಅಂಟಿಕೊಂಡ ಸಮುತ್ ಪ್ರಾಕಾನ್‌ನ ಕಾಲುವೆ ಪಕ್ಕದ ಸಾಲುಮನೆಯಲ್ಲಿ ನಮ್ಮಿಬ್ಬರ ಬಾಡಿಗೆ ಕೋಣೆಗಳ ನಡುವೆ ಒಂದೇ ಗೋಡೆ. ಹೀಗಾಗಿ ಬೈಗುಳ ನನಗೆ ಕೆಲಸದಲ್ಲೂ ಸಿಗುತ್ತಿತ್ತು, ಮನೆಯಲ್ಲೂ ಸಿಗುತ್ತಿತ್ತು. ನನಗೂ ಮೂಗಿನ ತುದಿಯಲ್ಲೇ ಕೋಪ, ಬಡ್ಡಿ ಸೇರಿಸಿಯೇ ಹಿಂದಿರುಗಿಸುತ್ತಿದ್ದೆ. ಸಂಜೆಯಾದರೆ ಮತ್ತೆ ಇಬ್ಬರೂ ಒಂದೇ ಬುಟ್ಟಿಯಿಂದ ಅಂಟಕ್ಕಿಯ ಅನ್ನ ಮುರಿದುಕೊಂಡು ತಿನ್ನುತ್ತಿದ್ದೆವು.

ಅವಳು ಈಶಾನ್ಯದ ರೋಯ್ ಎಟ್ ಕಡೆಯವಳು. ಹುಡುಗಿಯಾಗಿದ್ದಾಗ ಚಿಕ್ಕಮ್ಮನ ಜೊತೆ ಇಲ್ಲಿಗೆ ಬಂದು ಮೊದಲು ಸೀಗಡಿ ಸುಲಿದಳು, ಆಮೇಲೆ ಬಕೆಟ್ ತಯಾರಿಸುವ ಕಡೆ ದುಡಿದಳು. ಗಂಡ ಲಾರಿ ಚಾಲಕ. ದಕ್ಷಿಣಕ್ಕೆ ರಬ್ಬರ್ ತರಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇವಳು ಅತ್ತದ್ದನ್ನು ಕಂಡವರಿಲ್ಲ. ಅವನು ಬಿಟ್ಟುಹೋದ ಅಂಗಿಗಳನ್ನೆಲ್ಲ ಹರಿದು ನೆಲ ಒರೆಸುವ ಬಟ್ಟೆ ಮಾಡಿಕೊಂಡಳು. ಅಂತೂ ಇಷ್ಟು ದಿನಕ್ಕೆ ಅವನಿಂದ ಮನೆಗೊಂದು ಉಪಯೋಗವಾಯಿತು ಅಂತ ನನಗೆ ತೋರಿಸಿ ನಕ್ಕಳು. ಮಗಳು ಸಾಯ್ಪಿನ್‌ಳನ್ನು ಒಬ್ಬಳೇ ಸಾಕಿ ಓದಿಸಿದಳು, ಓದು ಮುಗಿದ ಮೇಲೆ ನಮ್ಮ ಕೋಣೆಗೇ ಸೇರಿಸಿಕೊಂಡಳು. ಬೇರೆ ಕಾರ್ಖಾನೆಯಾದರೆ ಅವಳ ಕಾಳಜಿ ಯಾರು ಮಾಡುತ್ತಾರೆ, ಇಲ್ಲಾದರೆ ನನ್ನ ಕಣ್ಣೆದುರಿಗೇ ಇರುತ್ತಾಳೆ ಅನ್ನುವುದು ಅವಳ ಲೆಕ್ಕ.

ನಾವು ತುಂಬುತ್ತಿದ್ದದ್ದು ನ್ಯಾನೊ ಪುಡಿ. ಬೆಳ್ಳಗಿರುತ್ತದೆ. ಬಣ್ಣಕ್ಕೆ ಬೆರೆಸಿ ಬಳಿದರೆ ಗೋಡೆ ಕೊಳೆ ಹಿಡಿಯುವುದಿಲ್ಲವಂತೆ. ತುಂಬಿದ ಚೀಲ ನನ್ನ ಎದೆಯೆತ್ತರಕ್ಕೆ ಬರುತ್ತಿತ್ತು, ಎತ್ತಿದರೆ ಮಾತ್ರ ಕಂಕುಳ ಕೂಸಿನಷ್ಟೇ ಭಾರ. ಹಿಟ್ಟಿನ ಧೂಳು, ಸಿಮೆಂಟಿನ ಧೂಳು ಕಣ್ಣಿಗೆ ಕಾಣುತ್ತದೆ, ನೆಲಕ್ಕೆ ಕೂರುತ್ತದೆ, ಗುಡಿಸಿ ಹಾಕಬಹುದು. ಇದು ಹಾಗಲ್ಲ. ಪುಡಿ ಸುರಿಯುವ ಕೊಳವೆಯ ಬಾಯಿಂದ ಚೀಲ ಬಿಡಿಸುವಾಗ ಒಂದು ಗಳಿಗೆ ಹೊಗೆಯಾಡಿದಂತೆ ಕಂಡು ಆಮೇಲೆ ಇಲ್ಲವಾಗುತ್ತಿತ್ತು. ಕಾಣಲಿಲ್ಲ ಅಂದಮೇಲೆ ಹೋಯಿತು ಅಂತಲೇ ನಾವೆಲ್ಲ ತಿಳಿದದ್ದು. ತಲೆಯ ಮೇಲೆ ಗಾಳಿ ಹೀರುವ ಯಂತ್ರವಿತ್ತು, ಅದರ ಸದ್ದಿಗೇನೂ ಕಡಿಮೆಯಿರಲಿಲ್ಲ. ಮಾಸ್ಕ್ ತೆಗೆಯದಿದ್ದರೆ ಯಾವ ಭಯವೂ ಇಲ್ಲ ಎಂದು ಮ್ಯಾನೇಜರ್ ವಿರಾತ್ ಸಾರ್ ಹೇಳಿದ್ದರು. ಪ್ರಪೈ ಅಕ್ಕ ಆ ಮಾತನ್ನು ವ್ರತದ ಹಾಗೆ ಹಿಡಿದಳು, ನಮ್ಮ ಕೈಯಲ್ಲೂ ಹಿಡಿಸಿದಳು.

ಹೀಗಿದ್ದವಳಿಗೆ ಹೋದ ಚಳಿಗಾಲದಲ್ಲಿ ಉಸಿರು ಸಾಲದಾಯಿತು. ಹೆದ್ದಾರಿ ದಾಟುವ ಮೇಲ್ಸೇತುವೆಯ ಅರ್ಧದಲ್ಲಿ ನಿಂತು, ಕೆಳಗಿನ ವಾಹನ ನೋಡುವವಳ ಹಾಗೆ ಕಂಬಿ ಹಿಡಿದುಕೊಳ್ಳುತ್ತಿದ್ದಳು. ಏನಕ್ಕಾ ಎಂದರೆ ಗಾಳಿ ಚೆನ್ನಾಗಿದೆ ಅನ್ನುತ್ತಿದ್ದಳು. ಹೆದ್ದಾರಿಯ ಮೇಲೆ ಎಂಥ ಚೆಂದದ ಗಾಳಿ! ಒಣಕೆಮ್ಮು ಹಿಡಿಯಿತು. ರಾತ್ರಿ ಗೋಡೆಯಾಚೆಯಿಂದ ಕೆಮ್ಮು ಕೇಳಿಸಿದರೆ ನನಗೂ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ನಾನೇ ಜಗಳ ತೆಗೆದೆ. ಆಸ್ಪತ್ರೆಗೆ ಹೋಗದಿದ್ದರೆ ಇನ್ನು ಮುಂದೆ ನಿನ್ನ ಜೊತೆ ಊಟಕ್ಕೆ ಕೂರಲ್ಲ ಅಂದೆ. ಒಬ್ಬಳೇ ಕೂತು ಉಣ್ಣುವುದೆಂದರೆ ಅವಳಿಗೆ ಶಿಕ್ಷೆ, ಅದು ನನಗೆ ಗೊತ್ತಿತ್ತು.

ಬ್ಯಾಂಕಾಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಮೆತ್ತಗೆ. ಶ್ವಾಸಕೋಶದ ತುಂಬ ಸಣ್ಣ ಸಣ್ಣ ಗಾಯದ ಕಲೆಗಳಿವೆ ಎಂದು ತೆರೆಯ ಮೇಲೆ ತೋರಿಸಿದಳು. ಯಾವ ಕೆಲಸ, ಯಾವ ಪುಡಿ, ಎಷ್ಟು ಕಾಲದಿಂದ ಎಂದೆಲ್ಲ ಕೇಳಿದಳು. ಬೀಡಿ ಸಿಗರೇಟು ಇಲ್ಲ, ಮನೆಯಲ್ಲಿ ಸೌದೆ ಒಲೆ ಇಲ್ಲ ಅಂದೆವು. ಆಮೇಲೆ, ಕೆಲಸದ ಕೋಣೆಯಲ್ಲಿ ಯಾವತ್ತಾದರೂ ಮಾಸ್ಕ್ ತೆಗೆದದ್ದುಂಟೇ ಎಂದು ಕೇಳಿದಳು.

ಪ್ರಪೈ ಅಕ್ಕನಿಗೆ ಅವಮಾನವಾದಂತಾಯಿತು. ಬೆನ್ನು ನೆಟ್ಟಗೆ ಮಾಡಿಕೊಂಡಳು. ಒಂದು ದಿನವೂ ಇಲ್ಲ, ಬೇಕಾದರೆ ಈ ಲಮ್ಯಾಯ್‌ಳನ್ನು ಕೇಳಿ ಅಂದಳು. ನಾನೂ ತಲೆಯಾಡಿಸಿದೆ. ದೇವರಾಣೆಗೂ ಅದು ಸುಳ್ಳು ಅಂತ ನನಗೆ ಅನಿಸಲಿಲ್ಲ.

ಹಾಗೆ ಹೇಳುತ್ತಲೇ ಅಕ್ಕ ಜೇಬಿನಿಂದ ತನ್ನ ಯಾದೋಮ್ ತೆಗೆದಳು. ನಮ್ಮಲ್ಲಿ ಅದಿಲ್ಲದ ಜೇಬಿಲ್ಲ. ಬೆರಳುದ್ದದ ನಳಿಕೆ, ಒಳಗೆ ಕರ್ಪೂರ, ಪುದೀನ. ತಲೆ ಸುತ್ತಿದರೆ ಒಂದು ಸಲ, ಸೆಕೆಗೆ ಒಂದು ಸಲ, ಬೇಜಾರಿಗೆ ಒಂದು ಸಲ, ಏನೂ ಇಲ್ಲದಿದ್ದರೂ ಒಂದು ಸಲ ಮೂಗಿಗೆ ಹಿಡಿದು ಎಳೆಯುತ್ತೇವೆ. ಅಕ್ಕ ಆಸ್ಪತ್ರೆಯವರು ಕೊಟ್ಟ ಕಾಗದದ ಮಾಸ್ಕನ್ನು ಗದ್ದಕ್ಕೆ ಇಳಿಸಿ, ನಳಿಕೆಯನ್ನು ಮೂಗಿನ ಹೊಳ್ಳೆಗೆ ಒತ್ತಿ, ಕಣ್ಣು ಮುಚ್ಚಿ ಎದೆಯಾಳಕ್ಕೆ ಎಳೆದುಕೊಂಡಳು. ಮಾಸ್ಕ್ ಮತ್ತೆ ಮೇಲೇರಿಸಿದಳು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದ್ದಳು.

"ಅಮ್ಮಾ, ಈಗ ಏನು ಮಾಡಿದ್ರಿ?"

"ನಾನಾ? ಏನೂ ಮಾಡ್ಲಿಲ್ವಲ್ಲ."

"ಮಾಸ್ಕ್ ತೆಗೆದ್ರಿ."

"ಇಲ್ಲ ಡಾಕ್ಟ್ರೇ, ಯಾದೋಮ್ ತಗೊಂಡೆ ಅಷ್ಟೇ."

ನಾನು ನನ್ನ ಜೇಬಿನ ಯಾದೋಮ್ ಮುಟ್ಟಿ ನೋಡಿಕೊಂಡೆ. ಯಾಕೆಂದರೆ ಚೀಲದ ಕೋಣೆಯಲ್ಲೂ ನಾವು ಹಾಗೇ ಮಾಡುತ್ತಿದ್ದೆವು. ಆ ರಬ್ಬರ್ ಮಾಸ್ಕಿನೊಳಗೆ ಬೆವರು ಗದ್ದಕ್ಕೆ ಇಳಿದು ನಿಲ್ಲುತ್ತದೆ, ತಲೆ ತಿರುಗುತ್ತದೆ. ಚೀಲ ತುಂಬುವ ಹೊತ್ತಿಗೆ ಕೈ ಖಾಲಿ. ಮಾಸ್ಕನ್ನು ಎರಡು ಬೆರಳಷ್ಟು ಎತ್ತಿ, ನಳಿಕೆ ಒಳಗೆ ತೂರಿಸಿ, ಒಂದು ಸಲ ಎಳೆದು ಬಿಡುವುದು. ಎಲ್ಲರೂ ಮಾಡುತ್ತಿದ್ದೆವು, ಅಕ್ಕನೂ ಮಾಡುತ್ತಿದ್ದಳು. ಮಾಸ್ಕ್ ಎತ್ತಿ ನೀರು ಕುಡಿದವರನ್ನು ಅವಳು ಬೈದು ನೀರಿಳಿಸಿದ್ದಾಳೆ. ಯಾದೋಮ್ ಮೂಸುವುದನ್ನು ಮಾಸ್ಕ್ ತೆಗೆಯುವುದು ಅಂತ ನಮ್ಮಲ್ಲಿ ಯಾರೂ ಎಣಿಸಿರಲೇ ಇಲ್ಲ. ಕಣ್ಣು ಮಿಟುಕಿಸುವುದನ್ನು ಯಾರಾದರೂ ನಿದ್ದೆ ಅನ್ನುತ್ತಾರೆಯೇ?

ಅದನ್ನೆಲ್ಲ ನಾನು ಬಾಯಿಬಿಟ್ಟ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದಳು. ಅಂಥ ಪುಡಿ ಕಣ್ಣಿಗೆ ಕಾಣದಿದ್ದರೂ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ. ದಪ್ಪ ಧೂಳಾದರೆ ಮೂಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಇಷ್ಟು ನವಿರಾದದ್ದು ಶ್ವಾಸಕೋಶದ ತುತ್ತತುದಿಯವರೆಗೂ ಇಳಿಯಬಲ್ಲದು. ಪುಡಿ ಮೆತ್ತಿದ ಕೈಗವಸಿನಲ್ಲೇ ನಳಿಕೆ ಹಿಡಿದು, ಅಷ್ಟು ಜೋರಾಗಿ, ಅಷ್ಟು ಆಳಕ್ಕೆ, ದಿನವಿಡೀ ಎಳೆದುಕೊಂಡಿದ್ದೀರಿ ಎಂದಳು. ಆದರೆ ಇದರಿಂದಲೇ ಹೀಗಾಯಿತು ಅಂತ ಖಚಿತವಾಗಿ ಹೇಳಲು ಅವಳು ಒಪ್ಪಲಿಲ್ಲ. ಇಂಥ ಕೆಲವು ಪುಡಿಗಳಿಂದ ಇಲಿಗಳ ಶ್ವಾಸಕೋಶದಲ್ಲಿ ಕಲೆ ಬಿದ್ದದ್ದನ್ನು ಕಂಡಿದ್ದಾರಂತೆ. ಮನುಷ್ಯರ ವಿಷಯ ಇನ್ನೂ ಪೂರ್ತಿ ತಿಳಿದಿಲ್ಲವಂತೆ, ಪುಡಿಯೇ ಹೊಸದಂತೆ. ಇಲಿಗೆ ಗೊತ್ತಿರುವುದು ನಮಗೆ ಗೊತ್ತಿಲ್ಲ ಅಂದಹಾಗಾಯಿತು ಅಂತ ನನಗೆ ಸಿಟ್ಟು ಬಂತು, ಆದರೆ ಆ ಹುಡುಗಿಯ ಮೇಲೆ ರೇಗಿ ಏನು ಪ್ರಯೋಜನ.

ಬಿದ್ದ ಕಲೆ ಮಾಯುವುದಿಲ್ಲ ಅಂದಳು. ಬೇಗ ಗೊತ್ತಾಗಿ ಬೇಗ ಆ ಗಾಳಿಯಿಂದ ಹೊರಬಂದರೆ ಅಲ್ಲಿಗೇ ನಿಲ್ಲಬಹುದು, ನಿಂತೇ ನಿಲ್ಲುತ್ತದೆ ಅಂತ ಮಾತು ಕೊಡಲಾರೆ ಅಂದಳು. ಆಮೇಲೆ ಆ ಕೋಣೆಯಲ್ಲಿ ಇನ್ನು ಯಾರ್ಯಾರು ಇದ್ದಾರೆ ಎಂದು ಕೇಳಿದಳು.

"ನನ್ನ ಮಗಳಿದಾಳೆ," ಅಂದಳು ಪ್ರಪೈ ಅಕ್ಕ.

ಮಾರನೆಯ ದಿನ ಅಕ್ಕ ವಿರಾತ್ ಸಾರ್ ಮುಂದೆ, ಪಾಳಿಯವರೆಲ್ಲರ ಎದುರು ನಿಂತು ಇದನ್ನೆಲ್ಲ ಹೇಳಿದಳು. ಇಷ್ಟು ವರ್ಷ ನಮ್ಮ ಗದ್ದ ಹಿಡಿದು ತಿರುಗಿಸಿದವಳು, ನಾನೂ ಮಾಸ್ಕ್ ತೆಗೆಯುತ್ತಿದ್ದೆ ಅಂತ ಬಾಯಿ ಬಿಟ್ಟು ಹೇಳುವುದು ಎಷ್ಟು ಕಷ್ಟವೆಂದು ಅವಳ ಮುಖ ನೋಡಿದವರಿಗೆ ಗೊತ್ತು. ವಿರಾತ್ ಸಾರ್ ಕೆಟ್ಟ ಮನುಷ್ಯನಲ್ಲ. ಅಕ್ಕನಿಗೆ ರಜೆ ಕೊಟ್ಟರು. ಹೀರುವ ಯಂತ್ರ ಬದಲಿಸಲು ಮೇಲಿನವರನ್ನು ಕೇಳುತ್ತೇನೆ ಅಂದರು. ಮೇಲಿನವರು ಎಷ್ಟು ಮೇಲಿದ್ದರೋ, ಉತ್ತರ ಕೆಳಗಿಳಿಯಲೇ ಇಲ್ಲ. ಇಳಿದದ್ದು ಒಂದು ಚಿತ್ರ: ಯಾದೋಮ್ ಮೇಲೆ ಕೆಂಪು ಅಡ್ಡಗೆರೆ. ಬಾಗಿಲಿಗೆ ಅಂಟಿಸಿದರು.

ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುವ ಜನ. ನಳಿಕೆ ಜೇಬಿನಿಂದ ಕೈಗವಸಿನ ಒಳಕ್ಕೆ ಹೋಯಿತು. ನಾನು ಬಿಟ್ಟೆ. ಬಿಟ್ಟ ಮೇಲೆ ಒಂದು ವಾರ ತಲೆ ಸಿಡಿಯುತ್ತಿತ್ತು, ಕೈ ತಾನಾಗಿ ಮೂಗಿನ ಕಡೆ ಹೋಗುತ್ತಿತ್ತು. ಉಳಿದವರಲ್ಲಿ ಎಷ್ಟು ಜನ ಬಿಟ್ಟರೋ ಕಾಣೆ.

ಅಕ್ಕನ ಜಾಗಕ್ಕೆ ಸಾಯ್ಪಿನ್‌ಳನ್ನೇ ಮೇಸ್ತ್ರಿ ಮಾಡಿದರು. ಅಕ್ಕ ಅವಳ ಬೆನ್ನು ಬಿದ್ದಳು. ಕೆಲಸ ಬಿಡು ಅಂದಳು, ಆಗದಿದ್ದರೆ ಆಫೀಸಿನ ಕಡೆಗಾದರೂ ಹಾಕಿಸಿಕೋ ಅಂದಳು, ಅದೂ ಬೇಡವಾದರೆ ಒಂದು ಸಲ ಬಂದು ಸ್ಕ್ಯಾನ್ ಮಾಡಿಸು ಅಂದಳು. ಮಗಳು ಒಂದಕ್ಕೂ ಜಗ್ಗಲಿಲ್ಲ. ಮೊದಲ ಸಲ ಪಾಳಿ ಬದಲಾಯಿತು ಅಂದಳು. ಎರಡನೆಯ ಸಲ ಹೊರಗಿನಿಂದ ಖರೀದಿದಾರರು ಬರುತ್ತಾರೆ ಅಂದಳು. ಮೂರನೆಯ ಸಲ ಗೋಡೆಯಾಚೆ ನಡೆದ ಜಗಳ ಇಡೀ ಸಾಲಿಗೆ ಕೇಳಿಸಿತು.

"ನಾನು ಮಾಸ್ಕ್ ಮುಟ್ಟೋದೇ ಇಲ್ಲಮ್ಮ. ನಿನ್ನ ಥರ ಅಲ್ಲ ನಾನು."

ಆ ಕೊನೆಯ ಮಾತು ಅವಳು ಆಡಬಾರದಿತ್ತು. ಸುಮಾರು ಹೊತ್ತಿನ ಮೇಲೆ ಅಕ್ಕ ನನ್ನ ಬಾಗಿಲಿಗೆ ಬಂದು, ಹೊಸ್ತಿಲ ಮೇಲೆ ಕೂತಳು. ಉಸಿರು ಸುಧಾರಿಸಿಕೊಳ್ಳುವವರೆಗೂ ಕಾದೆ.

"ಲಮ್ಯಾಯ್, ಅವಳು ನಿನ್ನ ಕಣ್ಣೆದುರಿಗೇ ಕೆಲ್ಸ ಮಾಡ್ತಾಳೆ. ನಿಜ ಹೇಳು. ಎಳೀತಾಳಾ?"

ಅತ್ತ ದರಿ, ಇತ್ತ ಪುಲಿ. ಇಲ್ಲ ಅಂದರೆ ಆ ತಾಯಿ ಅವತ್ತು ನಿದ್ದೆ ಮಾಡುತ್ತಿದ್ದಳು. ಆದರೆ ಅವತ್ತು ಬೆಳಿಗ್ಗೆಯೇ ನಾನು ನೋಡಿದ್ದೆ: ಸಾಯ್ಪಿನ್ ಗೋಡೆಯ ಕಡೆ ಮುಖ ಮಾಡಿ, ಬಗ್ಗಿ, ಮಾಸ್ಕಿನ ಕೆಳಗೆ ಕೈ ತೂರಿಸಿದ್ದಳು. ಒಂದು ಸಲವಲ್ಲ.

"ಎಳೀತಾಳೆ ಅಕ್ಕ," ಅಂದೆ.

ಅವಳು ತಲೆಯಾಡಿಸಿ ಎದ್ದುಹೋದಳು. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

ಮರುದಿನ ಮಧ್ಯಾಹ್ನದ ಊಟ ಮುಗಿದು ಪುಡಿ ತುಂಬುವ ಯಂತ್ರ ಮತ್ತೆ ಚಾಲೂ ಆಗಿತ್ತು. ಬಾಗಿಲು ತೆರೆಯಿತು. ನೋಡಿದರೆ ಪ್ರಪೈ ಅಕ್ಕ. ಗೇಟಿನ ಕಾವಲುಗಾರ ಅವಳನ್ನು ತಡೆಯುವ ಧೈರ್ಯ ಎಲ್ಲಿಂದ ತಂದಾನು! ಮನೆಯ ಬಟ್ಟೆ, ಕಾಲಲ್ಲಿ ಚಪ್ಪಲಿ, ಮುಖಕ್ಕೆ ಏನೂ ಇಲ್ಲ. ಮಾಸ್ಕಿಲ್ಲದೆ ಆ ಕೋಣೆಯಲ್ಲಿ ಅವಳ ಬಾಯಿ ಮೂಗನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ನಡುವಿನಿಂದ ನಿಧಾನವಾಗಿ ನಡೆದು, ಪುಡಿ ಸುರಿಯುವ ಕೊಳವೆಯ ಪಕ್ಕಕ್ಕೆ ಹೋಗಿ, ಬೋರಲು ಹಾಕಿದ್ದ ಪೆಟ್ಟಿಗೆಯ ಮೇಲೆ ಕೂತಳು. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡಳು. ಬಾಯಿ ತೆರೆದು ಉಸಿರಾಡತೊಡಗಿದಳು.

ನಾವೆಲ್ಲ ಕಲ್ಲಾಗಿ ನಿಂತೆವು. ಆಗಷ್ಟೇ ಒಂದು ಚೀಲ ಬಿಡಿಸಿದ್ದರು, ಹೊಗೆಯಾಡಿ ಇಲ್ಲವಾಗಿತ್ತು. ಈಗ ಅದು ಎಲ್ಲಿದೆ ಅಂತ ನಮಗೆಲ್ಲ ಗೊತ್ತಿತ್ತು.

ಸಾಯ್ಪಿನ್ ಓಡಿಬಂದಳು. ಮಾಸ್ಕಿನೊಳಗಿನಿಂದ ಮಾತು ಗೊಗ್ಗರಾಗಿ ಬಂತು. "ಅಮ್ಮ, ಹುಚ್ಚು ಹಿಡಿದಿದೆಯಾ ನಿಂಗೆ? ಎದ್ದೇಳು. ಹೊರಗೆ ನಡಿ."

"ನೀನು ಬಾ, ನಾನೂ ಬರ್ತೀನಿ. ನೀನು ಇರೋವರೆಗೂ ನಾನೂ ಇಲ್ಲೇ ಇರ್ತೀನಿ."

ಸಾಯ್ಪಿನ್ ಯಂತ್ರದ ಗುಂಡಿ ಒತ್ತಿ ನಿಲ್ಲಿಸಿದಳು. ನಿಲ್ಲಿಸಿದೆನಲ್ಲ, ಇನ್ನು ಏಳು ಅಂದಳು.

"ಯಂತ್ರ ನಿಂತ್ರೆ ಗಾಳಿಯಲ್ಲಿರೋದು ಎಲ್ಲಿಗೆ ಹೋಗುತ್ತೆ? ನಿಂಗೆ ಗೊತ್ತು, ನಂಗೂ ಗೊತ್ತು." ಅಕ್ಕ ಕೆಮ್ಮಿದಳು, ಬಗ್ಗಿ ಕೆಮ್ಮಿದಳು, ಮತ್ತೆ ನೆಟ್ಟಗೆ ಕೂತಳು. ಪ್ರತಿ ಮಾತಿಗೂ ಅವಳು ಒಂದು ಉಸಿರು ಎಳೆದುಕೊಳ್ಳಬೇಕಾಗಿತ್ತು. "ನಾನು ನಿನ್ನ ಇಲ್ಲಿಗೆ ಕರ್ಕೊಂಡು ಬಂದೆ. ನಾನೇ ಕರ್ಕೊಂಡು ಹೋಗ್ತೀನಿ."

ನಾನು ಒಂದು ಹೊಸ ಮಾಸ್ಕ್ ತಂದು ಅವಳ ಮುಖಕ್ಕೆ ಹಿಡಿದೆ. ತಳ್ಳಿಬಿಟ್ಟಳು. ಇನ್ನೊಬ್ಬಳು ವಿರಾತ್ ಸಾರ್ ಕರೆಯಲು ಓಡಿದಳು. ಸಾಯ್ಪಿನ್ ಕೈ ಮುಗಿದಳು, ಬೈದಳು, ನೆಲಕ್ಕೆ ಕಾಲು ಬಡಿದಳು. ಅಕ್ಕ ಅವಳನ್ನೇ ನೋಡುತ್ತ ಉಸಿರಾಡುತ್ತಿದ್ದಳು. ತುಟಿಗಳು ನೀಲಿಗೆ ತಿರುಗತೊಡಗಿದವು.

ಕೊನೆಗೆ ಸಾಯ್ಪಿನ್ ಬಗ್ಗಿ, ತಾಯಿಯ ಬೆನ್ನಿಗೊಂದು ಕೈ, ಮೊಣಕಾಲ ಕೆಳಗೊಂದು ಕೈ ಹಾಕಿ ಎತ್ತಿಯೇಬಿಟ್ಟಳು. ಅಕ್ಕ ಆಗಲೇ ಇಳಿದು ಕಡ್ಡಿಯಾಗಿದ್ದಳು, ಭಾರವೇನಿರಲಿಲ್ಲ. ನಾನು ಮುಂದೆ ಓಡಿ ಬಾಗಿಲು ತೆರೆದೆ. ಅಂಗಳದ ನಲ್ಲಿಯ ಬಳಿ ಬೇವಿನ ಮರದ ಕೆಳಗೆ ಅವಳನ್ನು ಕೂರಿಸಿದೆವು. ನಾನು ಅಕ್ಕನ ಮುಖ ತೊಳೆದೆ, ಮೂಗು ತೊಳೆದೆ, ಬಾಯಿ ಮುಕ್ಕಳಿಸಲು ನೀರು ಕೊಟ್ಟೆ. ನಿಧಾನಕ್ಕೆ ಅವಳ ತುಟಿಗೆ ಬಣ್ಣ ಬಂತು. ಸದ್ಯ, ಬದುಕಿದೆವು ಅಂದುಕೊಂಡು ತಿರುಗಿ ನೋಡಿದೆ.

ಸಾಯ್ಪಿನ್ ಮಾಸ್ಕ್ ಕಿತ್ತೆಸೆದು ನಲ್ಲಿಯ ಕಂಬ ಹಿಡಿದು ನಿಂತಿದ್ದಳು. ಅಂಗಳ ದಾಟುವಷ್ಟು ದೂರ, ಕಡ್ಡಿಯಂಥ ತಾಯಿಯನ್ನು ಹೊತ್ತದ್ದು. ಅಷ್ಟಕ್ಕೇ ಅವಳ ಭುಜಗಳು ಮೇಲೆ ಕೆಳಗೆ ಹೋಗುತ್ತಿದ್ದವು, ಕತ್ತಿನ ನರಗಳು ಉಬ್ಬಿದ್ದವು. ಏನೋ ಹೇಳಲು ಬಾಯಿ ತೆರೆದಳು, ಮಾತು ಬರಲಿಲ್ಲ, ಒಣಕೆಮ್ಮು ಬಂತು. ಆ ಕೆಮ್ಮನ್ನು ನಾನು ಗೋಡೆಯಾಚೆಯಿಂದ ಕೇಳಿದ್ದೆ. ಇಷ್ಟು ದಿನ ಅದೆಲ್ಲ ತಾಯಿಯದೇ ಅಂದುಕೊಂಡಿದ್ದೆ.

ಅಕ್ಕನೂ ಕೇಳಿಸಿಕೊಂಡಳು. ಮಗಳ ಎದೆಯನ್ನೇ ನೋಡಿದಳು. ಆ ಉಸಿರು ಎಂಥದ್ದು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಯಾವಾಗಿಂದ?" ಅಂದಳು.

ಸಾಯ್ಪಿನ್ ಮೊದಲು ಏನೂ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಕಂಬ ಬಿಟ್ಟು ತಾಯಿಯ ಪಕ್ಕದಲ್ಲಿ ಕುಸಿದು ಕೂತಳು. "ಮಳೆಗಾಲದಿಂದಮ್ಮ. ಆಸ್ಪತ್ರೆಗೆ ಬಂದ್ರೆ ನಿನ್ನೆದುರಿಗೇ ಹೇಳ್ತಾರೆ ಅಂತ... ಅದಕ್ಕೇ ಬರಲಿಲ್ಲ. ನೀನು ತಡ್ಕೊಳಲ್ಲ ಅಂತ."

ತಾಯಿಗೆ ನೋವಾಗಬಾರದೆಂದು ಮಗಳು ಕಾಯಿಲೆ ಬಚ್ಚಿಟ್ಟಿದ್ದಳು. ಬಚ್ಚಿಡಲು ಅದೇ ಕೋಣೆಗೆ ದಿನಾ ಹೋಗಿದ್ದಳು. ಉಸಿರು ಕಟ್ಟಿದಾಗಲೆಲ್ಲ, ಸ್ವಲ್ಪ ಹಗುರಾಗಲಿ ಅಂತ ಗೋಡೆಗೆ ಮುಖ ಮಾಡಿ ಮತ್ತಷ್ಟು ಎಳೆದುಕೊಂಡಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಪ್ರಪೈ ಅಕ್ಕ ಅಳಲಿಲ್ಲ. ಮಗಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒದ್ದೆ ಕೈಯಿಂದ ಅವಳ ಮೂಗು ಬಾಯಿ ಒರೆಸಿದಳು.

"ಏಳು," ಅಂದಳು. "ಆಸ್ಪತ್ರೆ ಇನ್ನೂ ಮುಚ್ಚಿಲ್ಲ."

ವಿರಾತ್ ಸಾರ್ ಅಂಗಳದ ಆ ಕಡೆಯಿಂದ ಓಡಿಬರುತ್ತಿದ್ದರು. ಅವರಿಗಾಗಿ ನಾನು ಕಾಯಲಿಲ್ಲ. ಬಾಡಿಗೆ ವ್ಯಾನು ನಿಲ್ಲಿಸಲು ಗೇಟಿನ ಕಡೆ ಓಡಿದೆ, ಓಡುತ್ತ ನನ್ನ ಉಸಿರಿಗೇ ಕಿವಿಗೊಟ್ಟೆ.